ಧಾರಣೆಯ ಜೊತೆಗೆ ಹೋದ ಪುಟ

ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಮುಖ ತೊಳೆಯುವುದಲ್ಲ, ಫೋನಿನ ಗ್ರೂಪಿಗೆ ಅಡಿಕೆ ಧಾರಣೆ ಹಾಕುವುದು. ನನಗೊಂದು ಅಡಿಕೆ ಮರವೂ ಇಲ್ಲ. ವಿನೋಬನಗರದ ನನ್ನ ಮನೆಯ ಮುಂದೆ ಇರುವುದು ಒಂದು ಕರಿಬೇವಿನ ಗಿಡ, ದಾಸವಾಳದ ಎರಡು ಕುಂಡ. ಆದರೆ ನಮ್ಮ ಕುಟುಂಬದ ಗ್ರೂಪಿನಲ್ಲಿರುವ ಎಪ್ಪತ್ತು ಚಿಲ್ಲರೆ ಜನರಲ್ಲಿ ಮುಕ್ಕಾಲು ಪಾಲು ತೋಟದವರು. ಇವತ್ತು ಮಂಡಿಯಲ್ಲಿ ರಾಶಿ ಅಡಿಕೆಗೆ ಎಷ್ಟು, ಬೆಟ್ಟೆ ಅಡಿಕೆಗೆ ಎಷ್ಟು ಎಂದು ತಿಳಿಯದೆ ಅವರಿಗೆ ಸಂಜೆಯ ಕಾಫಿ ಇಳಿಯುವುದಿಲ್ಲ. ಎಲ್ಲರ ಕೈಯಲ್ಲೂ ಫೋನ್ ಇದೆ, ಎಲ್ಲರೂ ನೋಡಿಕೊಳ್ಳಬಹುದು. ಆದರೂ ನಾನೇ ಹಾಕಬೇಕು. ಒಂದು ದಿನ ತಡವಾದರೆ ಚಿಕ್ಕಪ್ಪ ಪ್ರಶ್ನಾರ್ಥಕ ಚಿಹ್ನೆ ಕಳಿಸುತ್ತಿದ್ದರು, ಬರೀ ಚಿಹ್ನೆ. ನಾಲ್ಕು ವರ್ಷ ಈ ಚಾಕರಿ ಮಾಡಿದೆ, ಮಾಡುವಾಗ ಹೆಮ್ಮೆಯೂ ಇತ್ತು.

ಧಾರಣೆ ಸಿಗುವ ಆ ಪುಟ ತೆರೆದರೆ ಸುತ್ತ ಜಾಹೀರಾತುಗಳು ಕುಣಿಯುತ್ತವೆ. ಚಿಕ್ಕಪ್ಪ ಒಮ್ಮೆ ದರ ನೋಡಲು ಹೋಗಿ, ಎಲ್ಲೋ ಬೆರಳು ತಾಗಿ, ಮಂಡಿನೋವಿನ ಎಣ್ಣೆ ಮಾರುವವರಿಗೆ ತಮ್ಮ ನಂಬರು ಕೊಟ್ಟು ಬಂದಿದ್ದರು. ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿ ನಗುತ್ತಿದ್ದಾಗ ಸಹೋದ್ಯೋಗಿಯೊಬ್ಬರು ಒಂದು ಆಡ್-ಆನ್ ತೋರಿಸಿಕೊಟ್ಟರು. ಬ್ರೌಸರ್‌ನ ಮೇಲಿನ ಮೂಲೆಯಲ್ಲಿ ಒಂದು ಹಸಿರು ಗುಂಡಿ ಬಂದು ಕೂರುತ್ತದೆ. ಒತ್ತಿದರೆ ಎದುರಿಗಿರುವ ಪುಟ ಜಾಹೀರಾತು ಕಳಚಿಕೊಂಡು, ತಲೆಬರಹ ಮತ್ತು ಚಿಕ್ಕ ಚಿತ್ರದ ಸಮೇತ ನೇರ ಗ್ರೂಪಿಗೆ ಹೋಗುತ್ತದೆ. ಹಾಕಿಕೊಳ್ಳುವಾಗ ಅದು ಒಂದು ಅನುಮತಿ ಕೇಳಿತು: ನೀವು ನೋಡುವ ಎಲ್ಲ ತಾಣಗಳ ಎಲ್ಲ ಮಾಹಿತಿಯನ್ನೂ ಓದಬಹುದೇ, ಬದಲಿಸಬಹುದೇ ಎಂದು. ಧಾರಣೆ ಕಳಿಸಲು ಇಷ್ಟೆಲ್ಲ ಯಾಕೆ ಬೇಕು ಎಂದು ನಾನು ಕೇಳಬೇಕಿತ್ತು. ವಿಜ್ಞಾನದ ಟೀಚರು ನಾನು. ಓಟಿಪಿ ಯಾರಿಗೂ ಹೇಳಬೇಡಿ ಎಂದು ಒಂಬತ್ತನೇ ತರಗತಿಗೆ ಭಾಷಣ ಬಿಗಿಯುವವಳು. ನೀರು ಕೇಳಿದವನಿಗೆ ಬೀರುವಿನ ಕೀಲಿ ಕೊಟ್ಟ ಹಾಗೆ, 'ಸರಿ' ಎಂದು ಒತ್ತಿದೆ.

ಇನ್ನು ಅಕ್ಕನ ಮನೆಯ ಮಾತು. ಭಾವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಹೆಸರೊಂದು ಬೇಡ, ಉಳಿದಿದ್ದು ಬರ್ಕೊಳ್ಳಿ," ಎಂದಿದ್ದಾರೆ.

ಅಕ್ಕ ಭದ್ರಾವತಿಯಲ್ಲಿದ್ದಾಳೆ, ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಹಿಂದಿನ ಬೀದಿಯಲ್ಲಿ. ಭಾವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಶಿಫ್ಟಿನ ದಿನಗಳಲ್ಲಿ ಶುರುವಾದ ಕುಡಿತ ನಿವೃತ್ತಿಯಾದ ಮೇಲೆ ಹಗಲಿಗೂ ಬಂದಿತ್ತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಈರುಳ್ಳಿ ಹೆಚ್ಚಾದರೂ ಮೂಗು ಮುರಿಯುವ ಅತ್ತೆಯಂದಿರಿದ್ದಾರೆ. ಆದ್ದರಿಂದ ಅಕ್ಕ ಯಾರಿಗೂ ಹೇಳಿರಲಿಲ್ಲ. ಮದುವೆ, ಗೃಹಪ್ರವೇಶಗಳಿಗೆ ಒಬ್ಬಳೇ ಬಂದು "ಅವರಿಗೆ ಸ್ವಲ್ಪ ಬೀಪಿ," ಎಂದು ಹೇಳಿ ಊಟ ಮುಗಿಸಿ ಹೋಗುತ್ತಿದ್ದಳು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಓದಿ ಈಗ ಹೊರ ಊರಿನಲ್ಲಿ ಕೆಲಸದಲ್ಲಿರುವ ಮಗಳ ಹತ್ತಿರವೂ ಅದನ್ನೇ ಹೇಳುತ್ತಿದ್ದಳು. ನಮ್ಮ ಕಡೆಯವರಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು.

ಪರೀಕ್ಷೆ ಹತ್ತಿರ ಬಂದಿದ್ದ ದಿನಗಳು. ಒಂದು ಗುರುವಾರ ಅಕ್ಕ ಹೇಳದೆ ಕೇಳದೆ ನಮ್ಮ ಮನೆಗೆ ಬಂದಳು. ಬೆಳಿಗ್ಗೆ ಭಾವ ಅಡುಗೆಮನೆ ಬಾಗಿಲಲ್ಲಿ ನಿಂತು, "ಎಲ್ಲಾದ್ರೂ ಸೇರ್ಸು ನನ್ನ. ನನ್ನ ಕೈಲಿ ಆಗ್ತಿಲ್ಲ," ಎಂದರಂತೆ. ಹದಿನೈದು ವರ್ಷ ಅಕ್ಕ ಕಾದಿದ್ದ ಮಾತು ಅದು. ಅದರ ಹಿಂದೆಯೇ ಒಂದು ಷರತ್ತು: ಯಾರಿಗೂ ತಿಳಿಯಬಾರದು. ಹೋಗಿ ಬಂದು, ವಾಸಿಯಾದ ಮೇಲೆ, ಮಗಳಿಗೆ ತಾವೇ ಹೇಳುತ್ತಾರೆ. ಫಾರ್ಮ್ ತುಂಬಲು ಕಂಪ್ಯೂಟರ್ ಬೇಕಲ್ಲ ಎಂದು ನನ್ನೊಬ್ಬಳಿಗೆ ಮಾತ್ರ ವಿನಾಯಿತಿ.

"ನಿನ್ನ ನಂಬಿ ಬಂದಿದೀನಿ ಕಣೇ," ಎಂದಳು ಅಕ್ಕ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ದೂರದ ಊರಿನ ಒಂದು ವ್ಯಸನಮುಕ್ತಿ ಕೇಂದ್ರದ ಪುಟದಲ್ಲಿ ಭಾವನ ಹೆಸರು, ವಯಸ್ಸು, ಎಷ್ಟು ವರ್ಷದಿಂದ ಕುಡಿಯುತ್ತಾರೆ, ದಿನಕ್ಕೆಷ್ಟು, ಎಲ್ಲವನ್ನೂ ತುಂಬಿದೆವು. ಒಂದೊಂದು ಉತ್ತರ ಹೇಳುವಾಗಲೂ ಅಕ್ಕ ಸೆರಗಿನ ತುದಿ ಸುತ್ತುತ್ತಿದ್ದಳು. ಸೋಮವಾರ ಹತ್ತು ಗಂಟೆಗೆ ಬನ್ನಿ ಎಂದು ದೃಢೀಕರಣದ ಪುಟ ಬಂತು. ಕೆಳಗೆ ತರಬೇಕಾದ ಬಟ್ಟೆಬರೆಗಳ ಪಟ್ಟಿಯಿತ್ತು. ಮನೆಯ ಪ್ರಿಂಟರ್‌ನಲ್ಲಿ ಇಂಕು ಮುಗಿದಿತ್ತು. ನಾಳೆ ಇಂಕು ತಂದು ಪ್ರತಿ ತೆಗೆದರಾಯಿತು ಎಂದು ಪುಟವನ್ನು ಹಾಗೇ ತೆರೆದಿಟ್ಟೆ.

ಶುಕ್ರವಾರ ಶಾಲೆಯಲ್ಲಿ ಮೀಟಿಂಗು ಎಳೆದು ಮನೆಗೆ ಬರುವಾಗ ಐದೂವರೆ. ಚಿಕ್ಕಪ್ಪನ ಪ್ರಶ್ನಾರ್ಥಕ ಚಿಹ್ನೆ ಆಗಲೇ ಎರಡು ಸಲ ಬಂದಿತ್ತು. ಕಂಪ್ಯೂಟರ್ ತೆರೆದರೆ ಆಡ್-ಆನ್ ತಾನು ಹೊಸದಾಗಿದ್ದೇನೆ ಎಂದು ಏನೋ ಇಂಗ್ಲಿಷಿನಲ್ಲಿ ಒಂದು ಚೌಕ ಹಿಡಿದು ನಿಂತಿತ್ತು. ಓದದೆ 'ಸರಿ' ಒತ್ತಿದೆ. ಧಾರಣೆಯ ಪುಟ ತೆರೆದು ಹಸಿರು ಗುಂಡಿ ಒತ್ತಿದೆ. ಚಹಾಕ್ಕೆ ನೀರಿಡಲು ಎದ್ದುಹೋದೆ.

ಆ ಚೌಕದಲ್ಲಿದ್ದ ಮಾತು, ಆಮೇಲೆ ನನಗೆ ತಿಳಿದಂತೆ, ಇಷ್ಟೇ: ಇನ್ನು ಮುಂದೆ ಗುಂಡಿ ಒತ್ತಿದರೆ ಎದುರಿಗಿರುವ ಪುಟವಷ್ಟೇ ಅಲ್ಲ, ತೆರೆದಿರುವ ಎಲ್ಲ ಪುಟಗಳೂ ಒಂದೇ ಕಟ್ಟಾಗಿ ಹೋಗುತ್ತವೆ. ನನ್ನ ಅನುಕೂಲಕ್ಕಂತೆ.

ನಾನು ಒಗ್ಗರಣೆ ಅವಲಕ್ಕಿ ಕಲಸುತ್ತಿದ್ದಾಗ ಚಿಕ್ಕಪ್ಪನ ಮಗಳ ಫೋನು ಬಂತು.

"ಏನೇ ಮಾರಾಯ್ತಿ, ನಿಮ್ಮ ಭಾವ ಕುಡೀತಾರಾ?"

ನನಗೆ ಅರ್ಥವೇ ಆಗಲಿಲ್ಲ. "ಯಾರು ಹೇಳಿದ್ದು ನಿಂಗೆ?"

"ನೀನೇ ಹಾಕಿದೀಯಲ್ಲ ಗ್ರೂಪಲ್ಲಿ!"

ಹೋಗಿ ನೋಡಿದರೆ ಮೊದಲು ರಾಶಿ ಇಷ್ಟು, ಬೆಟ್ಟೆ ಇಷ್ಟು. ಅದರ ಕೆಳಗೆ ಹತ್ತನೇ ತರಗತಿಯ ಮಾದರಿ ಪ್ರಶ್ನೆಪತ್ರಿಕೆ. ಅದರ ಕೆಳಗೆ ದಾಖಲಾತಿ ದೃಢೀಕರಣ, ಚಿತ್ರದಲ್ಲಿ ಭಾವನ ಹೆಸರು ದಪ್ಪ ಅಕ್ಷರದಲ್ಲಿ. ಕೊಂಡಿ ಒತ್ತಿದರೆ ಇಡೀ ಫಾರ್ಮು ಯಾರಿಗೆ ಬೇಕಾದರೂ ತೆರೆದುಕೊಳ್ಳುತ್ತಿತ್ತು, ಪಾಸ್‌ವರ್ಡ್ ಏನೂ ಕೇಳದೆ. ಇದೆಲ್ಲದರ ಕೆಳಗೆ ಚಿಕ್ಕಪ್ಪನ ಹೆಬ್ಬೆರಳು. ದಿನಾ ಹಾಕುವ ಹಾಗೆ, ನೋಡದೆಯೇ ಹಾಕಿದ್ದರು.

ಅಳಿಸಿದೆ. ಗ್ರೂಪಿನಿಂದ ಮಾಯವಾಯಿತು. ಆದರೆ ಅಷ್ಟು ಹೊತ್ತಿಗೆ ಅತ್ತೆಯೊಬ್ಬರು, ಒಳ್ಳೆಯದಾಗಲಿ ಎಂದು ಎಲ್ಲರೂ ಪ್ರಾರ್ಥಿಸಿ ಎಂಬ ಒಕ್ಕಣೆಯೊಂದಿಗೆ, ಆ ಕಟ್ಟನ್ನು ಇನ್ನೊಂದು ಗ್ರೂಪಿಗೆ ದಾಟಿಸಿಯಾಗಿತ್ತು. ಅದು ಅಲ್ಲಿ ತೆರೆಯುತ್ತಲೇ ಇತ್ತು, ಯಾಕೆಂದರೆ ಆ ಕಟ್ಟು ಇದ್ದದ್ದು ನನ್ನ ಕಂಪ್ಯೂಟರಿನಲ್ಲಲ್ಲ, ಆಡ್-ಆನ್‌ನವರ ಯಾವುದೋ ಸರ್ವರ್‌ನಲ್ಲಿ. ಅಳಿಸಬೇಕಾದರೆ ಖಾತೆ ತೆರೆಯಬೇಕು. ಖಾತೆ ತೆರೆಯಲು ನನ್ನ ಹೆಸರು, ನಂಬರು, ಹುಟ್ಟಿದ ದಿನ ಕೊಡಬೇಕು. ಕೊಟ್ಟೆ. ಅಳಿಸಲು ಇಂತಿಷ್ಟು ದಿನ ಬೇಕಾಗಬಹುದು ಎಂದಿತು. ದೂರು ಬರೆದೆ. ನಿಮ್ಮ ಖಾಸಗಿತನ ನಮಗೆ ಮುಖ್ಯ ಎಂದು ಅರೆಕ್ಷಣದಲ್ಲಿ ಉತ್ತರ ಬಂತು. ಮನುಷ್ಯನಾದವನು ಅಷ್ಟು ಬೇಗ ಓದಿರಲು ಸಾಧ್ಯವೇ ಇಲ್ಲ. ಮೈಯೆಲ್ಲ ಉರಿದುಹೋಯಿತು.

ಅವರ ಖಾಸಗಿತನ ನೀತಿಯನ್ನು ಅವತ್ತು ಮೊದಲ ಸಲ ಪೂರ್ತಿ ಓದಿದೆ, ಉತ್ತರಪತ್ರಿಕೆ ತಿದ್ದುವವಳ ಹಾಗೆ ಕೆಂಪು ಪೆನ್ನು ಹಿಡಿದು ಕೂತು. ಎಲ್ಲವೂ ಬರೆದಿತ್ತು. ಪುಟಗಳ ತಲೆಬರಹ, ವಿಳಾಸ, ಪ್ರತಿ ಇಟ್ಟುಕೊಳ್ಳುತ್ತೇವೆ ಎಂದು ಹೇಳಿಯೇ ಇದ್ದರು. ಎಲ್ಲೂ ಸುಳ್ಳಿರಲಿಲ್ಲ, ಅದೇ ಇನ್ನೂ ಸಿಟ್ಟು ಬರಿಸಿತು. ಬೈಯಬೇಕೆಂದರೆ ನನ್ನನ್ನೇ ಬೈದುಕೊಳ್ಳಬೇಕಿತ್ತು. ಆಡ್-ಆನ್ ಕಿತ್ತುಹಾಕಿದೆ. ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿ ಐದು ಕಾರಣ ಕೊಟ್ಟಿತು. ನನ್ನ ಕಾರಣ ಅದರಲ್ಲಿರಲಿಲ್ಲ.

ಅಕ್ಕನಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಮಗಳೂ ಆ ಗ್ರೂಪಲ್ಲಿದಾಳಲ್ಲ," ಎಂದಳು.

ಆಡ್-ಆನ್‌ಗಿಂತ ಹೆಚ್ಚು ತಲೆ ಕೆಡಿಸಿದ್ದು ನಮ್ಮವರು. ಶನಿವಾರ ಬೆಳಗಾಗುವುದರೊಳಗೆ ಭಾವನ ಫೋನಿಗೆ ಬಿಡುವೇ ಇಲ್ಲ. ಚಿಕ್ಕಪ್ಪ ಅರ್ಧ ಗಂಟೆ ಬುದ್ಧಿವಾದ ಹೇಳಿದರು. ಒಬ್ಬರು ಊಟದಲ್ಲಿ ಬೆರೆಸುವ ಪುಡಿ ಕಳಿಸುತ್ತೇನೆಂದರು. ಇನ್ನಿಬ್ಬರು, ಸೋಮವಾರ ತಾವೂ ತಮ್ಮ ತಮ್ಮ ಕಾರಿನಲ್ಲಿ ಬಂದು ಧೈರ್ಯ ತುಂಬಿ ಸೇರಿಸಿ ಬರುತ್ತೇವೆ ಎಂದು ಹೊರಟೇ ನಿಂತರು. ನಾನು ಚಿಕ್ಕಪ್ಪನಿಗೆ ಫೋನ್ ಮಾಡಿ ಕೂಗಾಡಿದೆ.

"ಅವರ ಪಾಡಿಗೆ ಅವರನ್ನ ಬಿಡಿ ಚಿಕ್ಕಪ್ಪ. ಯಾರಿಗೂ ಗೊತ್ತಾಗ್ಬಾರ್ದು ಅಂದಿದ್ರು."

"ನಾವೇನು ಹೊರಗಿನೋರಾ?" ಎಂದರು ಅವರು, ನಿಜವಾಗಿಯೂ ನೊಂದುಕೊಂಡು. "ಮನೆಯೋರ ಹತ್ರ ಮುಚ್ಚಿಡೋದೇನಿದೆ? ಒಳ್ಳೇದೇ ಆಯ್ತಲ್ಲ ಗೊತ್ತಾಗಿದ್ದು."

ಹೊರಗಿನವರೇ ವಾಸಿ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಭಾನುವಾರ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ. ಕಿಟಕಿಗೆ ತಲೆ ಆನಿಸಿಕೊಂಡು ಕ್ಷಮೆಯ ಮಾತುಗಳನ್ನು ಜೋಡಿಸುತ್ತಾ ಹೋದೆ, ಇಳಿಯುವಷ್ಟರಲ್ಲಿ ಒಂದೂ ನೆನಪಿರಲಿಲ್ಲ. ಅಕ್ಕನ ಮನೆ ಗೇಟಿನ ಹತ್ತಿರ ಪಕ್ಕದ ಮನೆಯ ತಮಿಳು ಅಮ್ಮ ನೀರು ಹಿಡಿಯುತ್ತಿದ್ದರು. ಎಷ್ಟೋ ರಾತ್ರಿ ಭಾವ ದಾರಿಯಲ್ಲಿ ಎಡವಿದಾಗ ಅವರ ಗಂಡನೇ ಕೈಹಿಡಿದು ಮನೆಗೆ ಮುಟ್ಟಿಸಿದ್ದನ್ನು ಅಕ್ಕ ಹೇಳಿದ್ದಳು. ಇಷ್ಟು ವರ್ಷ ಇಡೀ ಬೀದಿಗೆ ಗೊತ್ತಿತ್ತು, ಒಬ್ಬರೂ ಅಕ್ಕನ ಎದುರು ಆ ಮಾತು ಎತ್ತಿರಲಿಲ್ಲ. ಅವತ್ತೂ ಅವರು, "ವಾಂಗ, ಬನ್ನಿ ಟೀಚರಮ್ಮ, ಕಾಫಿ ಆಯ್ತಾ?" ಎಂದಷ್ಟೇ ಕೇಳಿದರು. ಯಾರಿಗೂ ಹೇಳಬೇಡಿ ಎಂದು ನಾನು ತರಗತಿಯಲ್ಲಿ ಹೇಳುವ ಪಾಠವನ್ನು ಆ ಬೀದಿ ನನಗಿಂತ ಚೆನ್ನಾಗಿ ಕಲಿತಿತ್ತು.

ಭಾವ ಜಗಲಿಯಲ್ಲಿ ಕೂತಿದ್ದರು. ಮುಖ ಕ್ಷೌರ ಮಾಡಿಕೊಂಡಿದ್ದರು. ಬೆಂಚಿನ ಕೆಳಗೆ ಅವರ ಹಳೆಯ ನೀಲಿ ಬ್ಯಾಗು, ಜಿಪ್ ಎಳೆದು ಸಿದ್ಧವಾಗಿತ್ತು. ಪಟ್ಟಿಯಲ್ಲಿದ್ದ ಪ್ರಕಾರ ಎರಡು ಪಂಚೆ, ಟವೆಲು, ಬನಿಯನ್ನುಗಳನ್ನು ಗುರುವಾರ ರಾತ್ರಿಯೇ ತಾವೇ ಮಡಿಸಿಟ್ಟರಂತೆ.

"ಭಾವ, ನನ್ನಿಂದ ತಪ್ಪಾಯ್ತು," ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅಳಬೇಡಿ. ನೀವು ಬೇಕೂಂತ ಮಾಡಿಲ್ಲ, ಗೊತ್ತು ನಂಗೆ," ಎಂದರು. ಆಮೇಲೆ ಬೀದಿ ನೋಡುತ್ತಾ ಹೇಳಿದರು: "ನಾಳೆ ಹೋಗಲ್ಲ ನಾನು."

"ಎಲ್ಲ ರೆಡಿ ಆಗಿದೆಯಲ್ಲ ಭಾವ."

"ಎರಡು ಕಾರು ತಗೊಂಡು ಬರ್ತಾರಂತೆ. ಮೆರವಣಿಗೇಲಿ ಹೋಗ್ಬೇಕಾ ನಾನು?" ದನಿ ಏರಿರಲಿಲ್ಲ. "ಮಗಳು ಫೋನ್ ಮಾಡಿ ಅತ್ಲು. ಅವಳಿಗೆ ಹೆಂಗೆ ಹೇಳ್ಬೇಕು ಅಂತ ಇಡೀ ವಾರ ಯೋಚ್ನೆ ಮಾಡಿದ್ದೆ. ಆ ಒಂದು ಮಾತು ನಾನೇ ಹೇಳ್ಬೇಕಿತ್ತು."

ಎದ್ದು ಬ್ಯಾಗನ್ನು ಕಾಲಿನಿಂದ ಇನ್ನೂ ಒಳಕ್ಕೆ ತಳ್ಳಿದರು. ಸೋಮವಾರ ಸಂಜೆ ಬ್ರಾಂದಿ ಅಂಗಡಿಗೆ ಹೋಗಿ ಬಂದರು ಎಂದು ಅಕ್ಕ ಮಂಗಳವಾರ ಹೇಳಿದಳು. ಅದಾದ ಮೇಲೆ ಭಾವನ ವಿಷಯ ನನ್ನ ಹತ್ತಿರ ಅವಳು ಎತ್ತಲಿಲ್ಲ. ದಿನಾ ಫೋನ್ ಮಾಡುತ್ತಿದ್ದವಳು ವಾರಕ್ಕೊಮ್ಮೆ ಮಾಡಿ ಸಾರಿನ ಪುಡಿ, ಬಿಸಿಲು, ನೀರಿನ ಟ್ಯಾಂಕರ್ ಎಂದು ಮಾತಾಡಿ ಇಟ್ಟುಬಿಡುತ್ತಿದ್ದಳು. ನಾನು ಧಾರಣೆ ಹಾಕುವುದನ್ನು ನಿಲ್ಲಿಸಿದೆ. "ಅಷ್ಟಕ್ಕೆಲ್ಲ ಮುನಿಸಾ?" ಎಂದು ಚಿಕ್ಕಪ್ಪ ಗ್ರೂಪಿನಲ್ಲಿ ಕೇಳಿದರು. ಏಳು ಜನ ಅದಕ್ಕೆ ನಗುವ ಮುಖ ಅಂಟಿಸಿದರು.

ಯುಗಾದಿ ಕಳೆದು ಶಾಲೆಗೆ ರಜೆ ಬಿಟ್ಟ ಮೇಲೆ ಹಪ್ಪಳ ಕೊಟ್ಟು ಬರುವ ನೆಪ ಮಾಡಿಕೊಂಡು ಭದ್ರಾವತಿಗೆ ಹೋದೆ. ಅಕ್ಕ ಕಾಫಿ ಮಾಡಲು ಒಳಗೆ ಹೋದಾಗ ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ನೀಲಿ ಬ್ಯಾಗು ಇರಲಿಲ್ಲ. ಮೊಳೆಗೆ ನೇತುಹಾಕುತ್ತಿದ್ದ ಭಾವನ ಟವೆಲೂ ಇರಲಿಲ್ಲ.

"ಭಾವ ಎಲ್ಲಿ ಅಕ್ಕ?"

ಲೋಟ ಕೈಗೆ ಕೊಡುತ್ತಾ ಅಕ್ಕ ನನ್ನ ಮುಖ ನೋಡಿದಳು. "ಅವರ ತಮ್ಮನ ತೋಟಕ್ಕೆ ಹೋಗಿದಾರೆ. ಅಡಿಕೆ ಕೊಯ್ಲಲ್ವಾ. ಬರೋದು ಒಂದು ತಿಂಗಳಾಗ್ಬೋದು."

ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆಯ ಯಾವ ತೋಟದಲ್ಲೂ ಅಡಿಕೆ ಕೊಯ್ಲಿರುವುದಿಲ್ಲ. ನಾಲ್ಕು ವರ್ಷ ದಿನಾ ಧಾರಣೆ ಹಾಕಿದವಳಿಗೆ ಅದು ಗೊತ್ತಿದೆ ಎಂಬುದು ಅಕ್ಕನಿಗೂ ಗೊತ್ತಿತ್ತು. ಆದರೂ ಕಣ್ಣು ಕೀಳದೆ ಹೇಳಿದಳು.

"ಹೌದಾ. ಕೆಲಸ ಸುಮಾರಿರುತ್ತೆ ಅಲ್ವಾ," ಎಂದೆ. ಕಾಫಿ ಕುಡಿದೆ. ಸಂತೋಷಕ್ಕೂ ಸಂಕಟಕ್ಕೂ ಒಂದೇ ಸಲ ಎದೆ ತುಂಬಿತ್ತು, ಎರಡನ್ನೂ ತೋರಿಸುವ ಹಾಗಿರಲಿಲ್ಲ. ಹೊರಡುವಾಗ ಅಕ್ಕ ಕುಂಕುಮ ಕೊಟ್ಟು, ಗೇಟಿನವರೆಗೂ ಬಂದಳು.

ವಾಪಸ್ ಬಸ್ಸಿನಲ್ಲಿ ಚಿಕ್ಕಪ್ಪನ ಮೆಸೇಜು ಬಂತು: ಭದ್ರಾವತಿಗೆ ಹೋಗಿದ್ಯಂತೆ, ನಿಮ್ಮ ಭಾವ ಕೊನೆಗೂ ಅಲ್ಲಿಗೆ ಸೇರಿದ್ರಾ? ಕೆಳಗೆ ಆ ಪ್ರಶ್ನಾರ್ಥಕ ಚಿಹ್ನೆ, ಈ ಸಲ ಮೂರು.

ನನಗೆ ಗೊತ್ತಿಲ್ಲ ಎಂದು ಬರೆದೆ. ಸುಳ್ಳೇನೂ ಆಗಿರಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ.