ಮಾತಾಡಿಸುತ್ತಲೇ ಗಡ್ಡೆ ತೆಗೆಯುವ ಡಾಕ್ಟರು

ಬೆಳಕು ಹರಿಯುವ ಹೊತ್ತು. ತುಮಕೂರಿನ ಆಪರೇಷನ್ ಥಿಯೇಟರಿನಲ್ಲಿ ಮುದ್ದೆಯ ಪಾಠ ನಡೆದಿದೆ. "ಎಸರು ಚೆಂದಾಗ್ ಕುದೀಬೇಕು ಡಾಕ್ಟ್ರೇ, ಆಮ್ಯಾಲೆ ಹಿಟ್ಟು ಹಾಕ್ಬೇಕು" ಅನ್ನುತ್ತಿರುವವರು ಕುಣಿಗಲ್ ಕಡೆಯ ಚೆನ್ನಮ್ಮ. ಅವರ ತಲೆಬುರುಡೆ ತೆರೆದಿದೆ, ಎಚ್ಚರವೂ ಇದೆ. ಮರಗಟ್ಟಿಸಿರುವುದು ನೆತ್ತಿಯ ಚರ್ಮವನ್ನು ಮಾತ್ರ. ಮಿದುಳಿಗೆ ನೋವೇ ತಿಳಿಯುವುದಿಲ್ಲ. "ಗಂಟು ಕಟ್ಟಲ್ವಾ?" ಎಂದು ಕೇಳುತ್ತಾ ನ್ಯೂರೋಸರ್ಜನ್ ಅಂಜನಮೂರ್ತಿ ಮಿದುಳಿಗೆ ಸಣ್ಣ ಕರೆಂಟು ಮುಟ್ಟಿಸುತ್ತಾರೆ. ಕರೆಂಟು ತಗುಲಿದ ಜಾಗ ಆ ಕ್ಷಣಕ್ಕೆ ಕೆಲಸ ನಿಲ್ಲಿಸುತ್ತದೆ. ಮಾತು ನಿಂತರೆ ಆ ಜಾಗಕ್ಕೆ ಕೈ ಹಾಕುವುದಿಲ್ಲ. ನಿಲ್ಲದಿದ್ದರೆ ಅಲ್ಲಿನ ಗಡ್ಡೆ ತೆಗೆಯುತ್ತಾರೆ.

ಇದು 2007. ಚೇಳೂರಿನ ಸರ್ಕಾರಿ ಶಾಲೆಯಲ್ಲಿ ಓದಿದ ಅಂಜನಮೂರ್ತಿ ಡಾಕ್ಟರಿಕೆ ಕಲಿತು ತೊಂಬತ್ತರ ದಶಕದಲ್ಲಿ ತುಮಕೂರಿಗೇ ಮರಳಿದವರು. ಮಾತು ಕೆಡದಂತೆ ಕ್ಯಾನ್ಸರ್ ಗಡ್ಡೆಯನ್ನು ಎಷ್ಟು ತೆಗೆಯಬಹುದು ಎಂಬುದೇ ಇವರ ಸಂಶೋಧನೆ. ಜಾಸ್ತಿ ತೆಗೆದರೆ ರೋಗಿ ಮೂಕ, ಕಡಿಮೆ ತೆಗೆದರೆ ಆಯಸ್ಸು ಕಡಿಮೆ. ಇವರ ಮನೆಯಿರುವ ಶೆಟ್ಟಿಹಳ್ಳಿಯ ಅಕ್ಕಪಕ್ಕದವರಿಗೆ ಮಾತ್ರ ಇವರು ತಲೆನೋವಿನ ಡಾಕ್ಟರು.

ಮೊದಮೊದಲು ಇವರ ಪ್ರಶ್ನೆಗಳು ಪುಸ್ತಕದವು. 1999ರಲ್ಲಿ ಗುಬ್ಬಿಯ ಶಿವರುದ್ರಮ್ಮನ ಆಪರೇಷನ್ ನಡುವೆ ಕರೆಂಟು ಮುಟ್ಟಿಸುತ್ತಾ "ನಿಮ್ಮ ಯಜಮಾನ್ರ ಹೆಸರೇನಮ್ಮ?" ಎಂದರು. ಉತ್ತರವಿಲ್ಲ. ಮತ್ತೆ ಕೇಳಿದರೂ ತುಟಿ ಬಿಚ್ಚಲಿಲ್ಲ. ಮಾತಿನ ಜಾಗವೇ ಇದು ಎಂದುಕೊಂಡು ಅಲ್ಲಿನ ಗಡ್ಡೆಯನ್ನು ಹಾಗೇ ಬಿಟ್ಟು ತಲೆ ಮುಚ್ಚಿದರು.

ಮಾರನೇ ದಿನ ವಾರ್ಡಿನಲ್ಲಿ ಆಕೆ ಒಂದೇ ಸಮನೆ ಮಾತಾಡುತ್ತಿದ್ದರು. ನಿನ್ನೆ ಯಾಕೆ ಸುಮ್ಮನಾದಿರಿ ಎಂದು ಕೇಳಿದರೆ, "ಗಂಡನ ಹೆಸ್ರು ಹೆಂಗ್ ಹೇಳಾದು ಸ್ವಾಮಿ? ಅವ್ರ ಆಯಸ್ಸು ಕಮ್ಮಿ ಆಗಲ್ವಾ?" ಎಂದರು.

ಎರಡನೇ ಸಲ ತಲೆ ತೆರೆಯಲು ಮನೆಯವರು ಒಪ್ಪಲಿಲ್ಲ. ಬಿಟ್ಟ ಗಡ್ಡೆ ಬೆಳೆಯಿತು. ವರ್ಷ ತುಂಬುವುದರೊಳಗೆ ಶಿವರುದ್ರಮ್ಮ ತೀರಿಕೊಂಡರು.

"ನಮ್ಮವ್ವಾನೂ ನಮ್ಮಪ್ಪನ ಹೆಸ್ರು ಬಾಯಲ್ಲಿ ಅಂದೋಳಲ್ಲ. ಬೇರೆ ಊರಿನ ಡಾಕ್ಟ್ರಿಗೆ ಗೊತ್ತಿರ್ಲಿಲ್ಲ ಅನ್ಬೋದು. ನಂಗೆ ಗೊತ್ತಿತ್ತು, ಹೊಳೀಲಿಲ್ಲ" ಎನ್ನುತ್ತಾರೆ ಅಂಜನಮೂರ್ತಿ. ಹೇಳುವಾಗ ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಆ ನೋವು ಮಾತ್ರ ಹೋಗಿಲ್ಲ.

ಅಂದಿನಿಂದ ಪುಸ್ತಕದ ಪ್ರಶ್ನೆಗಳು ಬಂದ್. ಆಪರೇಷನ್ನಿನ ಹಿಂದಿನ ಸಂಜೆ ರೋಗಿಯ ಮಂಚದ ಪಕ್ಕ ಕೂತು ಹರಟುತ್ತಾರೆ. ಯಾವ ಮಾತು ಸಲೀಸು, ಯಾವುದಕ್ಕೆ ಸಂಕೋಚ ಎಂದು ತಿಳಿದುಕೊಳ್ಳುತ್ತಾರೆ. ಅಡಿಕೆ ಸುಲಿಯುವವರಿಗೆ ಅಡಿಕೆ, ಚೆನ್ನಮ್ಮನಿಗೆ ಮುದ್ದೆ.

ಬಿಸಿಲೇರುವಾಗ ಹೊರಬಂದ ಡಾಕ್ಟರನ್ನು ಚೆನ್ನಮ್ಮನ ಗಂಡ ಕರಿಬಸವಯ್ಯ ಅಡ್ಡಗಟ್ಟುತ್ತಾರೆ. "ಗಡ್ಡೆ ಪೂರ್ತಿ ಹೋಯ್ತಾ ಸಾ?"

ಡಾಕ್ಟರು ಸುಳ್ಳು ಹೇಳುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತದೆ ಗಾದೆ. ರೋಗಿಗೆ ಜಗಳವಾಡುವಷ್ಟಾದರೂ ಮಾತು ಉಳಿಯಲಿ ಎಂಬುದು ಇವರ ಆಸೆ. "ಮತ್ತೆ ಬರ್ಬೋದು ಯಜಮಾನ್ರೇ. ಬರೋಗಂಟ ಚೆನ್ನಮ್ಮ ನಿಮ್ಮನ್ನ ಬಾಯ್ತುಂಬಾ ಬೈಕೊಂಡಿರ್ತಾರೆ. ಅಷ್ಟು ಮಾಡಿದೀನಿ."