ಹುಣಸೆಬೀಜದಷ್ಟು ಸಂದಿ

ಮರದಂಗಡಿ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಹೋಳಾಗಿ ಬೆಳೆದಿತ್ತು. ಚಿಕ್ಕವರಿದ್ದಾಗ ಎರಡು ಹಲಗೆಗಳ ನಡುವೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಯಾವ ಹಲಗೆ ಎದುರಿಗೆ ಬಂದರೂ ಮೊದಲು ಆ ಉಗುರನ್ನು ಅದರ ಮೈಗೆ ಒತ್ತಿ, ಬಿದ್ದ ಗುರುತು ನೋಡಿ, ಆಮೇಲೆ ಮೂಗಿನ ಹತ್ತಿರ ಹಿಡಿದು ಮೂಸಿ, ಕೊನೆಗೆ ಬಾಯಿ ಬಿಡುತ್ತಿದ್ದರು. ಸೀರೆಯ ಮೇಲೆ ತಮ್ಮ ಅಪ್ಪನ ಖಾಕಿ ಅಂಗಿ. ತುರುಬಿನಲ್ಲಿ ಹೂವಿರಬೇಕಾದ ಕಡೆ ಒಂದು ಚಪ್ಪಟೆ ಪೆನ್ಸಿಲು. ಗಂಡುಮಕ್ಕಳಿಲ್ಲದ ಅಪ್ಪನಿಂದ ಅವರಿಗೆ ಬಂದ ಅಂಗಡಿ ಅದು, ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ.

ಮಕ್ಕಳೇ, ನೀವು ಸ್ಕೂಲಿನಿಂದ ಬಂದವರೇ ಬ್ಯಾಗು ಎಸೆಯುವ ಹಿತ್ತಲ ಡೆಕ್ಕಿಗೆ ಮರ ಆರಿಸಿ ಕೊಟ್ಟವರು ಆ ಅಕ್ಕ. ನೀವು ಡೆಕ್ ಅನ್ನುತ್ತೀರಿ. ನಾನೂ ನಿಮ್ಮ ತಾತನೂ ಹಲಗೆ ಜಗಲಿ ಅನ್ನುತ್ತಿದ್ದೆವು. ಅದನ್ನು ಕಟ್ಟಿದಾಗ ನಿಮ್ಮಲ್ಲಿ ದೊಡ್ಡವಳಿಗೆ ಮೂರು ವರ್ಷ, ಚಿಕ್ಕವನು ಹುಟ್ಟಿರಲಿಲ್ಲ. ಅಕ್ಕನ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ತಪ್ಪು ಮಾತು ಉಳಿದುಕೊಂಡುಬಿಟ್ಟಿದೆ. ಉಳಿಯಲು ಬಿಟ್ಟವಳು ನಾನು. ಬಾಯಲ್ಲಿ ಹೇಳಲು ನನ್ನಿಂದ ಆಗದು ಅಂತ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಓದಿದವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ತಾತನಿಗೆ ಲಕ್ವ ಹೊಡೆದು ಬಲಭಾಗ ಸೋತುಹೋದ ಮೇಲೆ ಅವರಿಗೆ ಉಳಿದಿದ್ದ ಆಸೆ ಒಂದೇ. ಹಿತ್ತಲಲ್ಲಿ ಕೂತು ನಾಲೆ ನೋಡಬೇಕು, ಸಂಜೆ ಎಮ್ಮೆಗಳು ನೀರಿಗಿಳಿಯುವುದನ್ನು ನೋಡಬೇಕು. ಆದರೆ ಹಿತ್ತಲ ಬಾಗಿಲಿನಿಂದ ನೆಲ ಮೊಣಕಾಲುದ್ದ ಕೆಳಗೆ. ನಾಲೆಯ ಜೌಗು ನೀರು ಬಸಿದು ಅಲ್ಲಿ ನೆಲ ಕುಸಿಯುತ್ತಲೇ ಇರುತ್ತದೆ. ಸಿಮೆಂಟು ಹಾಕಿಸಿದ್ದು ಎರಡು ಸಲವೂ ಬಾಯಿ ಬಿಟ್ಟು, ಪಾಚಿ ಕಟ್ಟಿತು. ಕೊನೆಗೆ ನಿಮ್ಮ ಅಪ್ಪ ನೀಲಗಿರಿ ಹಲಗೆ ತಂದು ಮಣ್ಣಿನ ಮೇಲೇ ಹಾಸಿ ಮೊಳೆ ಹೊಡೆಸಿದ. ಒಂದೇ ಮಳೆಗಾಲ. ಹಲಗೆಗಳು ದೋಣಿಯ ಹಾಗೆ ಸೊಟ್ಟಗಾದವು, ಬೂಷ್ಟು ಹಿಡಿದವು. ಒಂದು ಬೆಳಿಗ್ಗೆ ತಾತ ಕೋಲೂರಿ ಎರಡು ಹೆಜ್ಜೆ ಇಟ್ಟರೋ ಇಲ್ಲವೋ, ಹಲಗೆ ಮುರಿದು ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು.

ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಅವರು ಕೋಣೆ ಬಿಟ್ಟು ಬರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದರು. ಊಟ ಕೊಟ್ಟರೆ "ಬ್ಯಾಡ", ಹೊರಗೆ ಬನ್ನಿ ಅಂದರೆ "ಬ್ಯಾಡ". ಹೀಗೇ ಬಿಟ್ಟರೆ ಈ ಮನುಷ್ಯ ಸಂಕ್ರಾಂತಿ ಕಾಣುವುದಿಲ್ಲ ಅಂತ ನನಗೆ ಅನ್ನಿಸಿಹೋಯಿತು.

ಅಲ್ಲಿಯವರೆಗೆ ನಾನು ಒಬ್ಬಳೇ ಬಸ್ಸು ಹತ್ತಿದವಳಲ್ಲ. ಮಲ್ಲಿಪಟ್ಟಣದಿಂದ ಅರಕಲಗೂಡಿಗೆ ಹೋಗುವಾಗ ಕಂಡಕ್ಟರು "ಎಲ್ಲಿಗಮ್ಮಾ" ಅಂದರೆ ಕೈಲಿದ್ದ ನೋಟು ತೋರಿಸಿದೆ. ಮರದಂಗಡಿ ಅಂತ ಕೇಳಿಕೊಂಡು ಹೋದದ್ದಾಯಿತು, ಗೇಟು ದಾಟಲು ಕಾಲು ಬರಲಿಲ್ಲ. ಒಳಗೆಲ್ಲ ಗಂಡಸರು, ಗರಗಸದ ಸದ್ದು. ಅಲ್ಲೇ ನಿಂತೆ. ಆಗ ಖಾಕಿ ಅಂಗಿಯ ಹೆಂಗಸು ಒಳಗಿಂದ ಕೂಗಿದರು:

"ಯಾಕ್ ತಂಗೀ, ಮರ ಕೊಳ್ಳಕ್ ಬಂದ್ಯೋ, ಮರ ಆಗಕ್ ಬಂದ್ಯೋ? ಅರ್ಧ ಗಂಟೆಯಿಂದ ನೋಡ್ತಾವ್ನಿ, ಬೇರು ಬುಟ್ಟೀಯ ಇನ್ನೇನು. ಒಳಿಕ್ ಬಾ ಕಣವ್ವ."

ಗರಗಸದವರೆಲ್ಲ ನಕ್ಕರು. ನನಗೂ ನಗು ಬಂತು. ನಕ್ಕಿದ್ದರಿಂದಲೇ ಮಾತೂ ಬಂತು. ಅರ್ಧಂಬರ್ಧ ಹೇಳಿದೆ. ಅಕ್ಕ ಮರದ ಮಾತು ಎತ್ತಲೇ ಇಲ್ಲ. ಯಜಮಾನರು ಬರಿಗಾಲಲ್ಲಿ ಕೂರುತ್ತಾರೋ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಮಳೆ ನೀರು ಎತ್ತ ಹರಿಯುತ್ತದೆ, ಕೋಲಿನ ತುದಿಗೆ ರಬ್ಬರು ಇದೆಯೋ ಇಲ್ಲವೋ, ಎಲ್ಲ ವಿಚಾರಿಸಿದರು. ನನಗೆ ಗೊತ್ತಿದ್ದ ಒಂದೇ ದೊಡ್ಡ ಮರದ ಹೆಸರು ಹೇಳಿದೆ.

"ತೇಗ ಆಗಲ್ವಾ?"

"ವಯಸ್ಸಾದ ತೇಗ ಇದ್ದಿದ್ರೆ ಕಣ್ಮುಚ್ಕೊಂಡ್ ಕೊಡ್ತಿದ್ದೆ. ಈಗ ಬರೋದೆಲ್ಲ ಎಳೇದು, ಬಿಳಿ ಭಾಗಾನೇ ಜಾಸ್ತಿ. ಎಸರು ತೇಗದ್ದು, ಬಾಳಿಕೆ ಸೌದೇದು."

ಆಮೇಲೆ ಮೂಲೆಯಿಂದ ಒಂದು ಹಲಗೆ ಎಳೆದರು. ಗೊರೂರಿನ ಹಿನ್ನೀರಿನ ಕಡೆ ಯಾವುದೋ ರೆಸಾರ್ಟಿಗೆ ತರಿಸಿಕೊಟ್ಟದ್ದರಲ್ಲಿ ಮಿಕ್ಕಿದ್ದಂತೆ. ಕಾಫಿ ಪುಡಿಯ ಬಣ್ಣ, ಕೈಗೆ ಹಗುರ. ನನ್ನ ಮೂಗಿನ ಹತ್ತಿರ ಹಿಡಿದರು. ಆಲೆಮನೆಯಲ್ಲಿ ಬೆಲ್ಲ ತಳ ಹತ್ತಿದಾಗ ಬರುವ ವಾಸನೆ.

"ಬೆಂಕಿ ತಾಕಿಸ್ದಂಗೆ, ಬರೀ ಆವಿ ಬಿಸೀಲಿ ಬೇಯ್ಸಿರೋ ಮರ ಇದು. ನೀನು ಹುರಿಹಿಟ್ಟು ಮಾಡೀಯಲ್ಲ, ಹಸೀ ಕಾಳಿಗೆ ಹುಳ ಬಿದ್ದಂಗೆ ಹುರಿದಿದ್ದಕ್ಕೆ ಬಿದ್ದಾತಾ? ಮರದೊಳಗೂ ಒಂದು ಸಿಹಿ ಇರ್ತದೆ. ಬೂಷ್ಟು ಬರೋದೇ ಅದನ್ನ ತಿನ್ನಕ್ಕೆ. ಬಿಸಿ ಕೊಟ್ರೆ ಆ ಸಿಹಿ ಓಯ್ತದೆ, ನೀರು ಕುಡಿಯೋ ಚಪಲಾನೂ ಓಯ್ತದೆ. ಸೊಟ್ಟ ಆಗಕಿಲ್ಲ."

ನಾನು ತಲೆಯಾಡಿಸಿದೆ. ಅಕ್ಕನಿಗೆ ಅದು ಸಾಲಲಿಲ್ಲ.

"ನನ್ ಮಾತು ನಂಬಬ್ಯಾಡ. ಮರ ಸುಳ್ಳು ಏಳಕಿಲ್ಲ, ಮಾರೋರು ಏಳ್ತಾರೆ." ಹೀಗೆಂದು ಒಂದು ದಪ್ಪ ತುಂಡಿನಲ್ಲಿ ಗಾಡಿ, ಅಂದರೆ ಕಾಲುವೆಯಂಥ ಉದ್ದ ತೋಡು, ಕೊರೆಸಿ, ಅದರೊಳಗೆ ಸರಾಗವಾಗಿ ಜಾರಿ ಕೂರುವ ಎರಡು ಚೂರು ಮಾಡಿಕೊಟ್ಟರು. ಒಂದು ನೀಲಗಿರಿ, ಒಂದು ಆ ಕಂದು ಮರ. "ಚೂರು ಎರಡನ್ನೂ ಎಂಟು ದಿನ ಕಲಗಚ್ಚಿನ ಬಾನೀಲಿ ಮುಳುಗ್ಸಿಡು. ಆಮೇಲೆ ನೀನು ನೋಡಬ್ಯಾಡ, ಅವ್ರ ಕೈಗೆ ಕೊಡು. ಬಿದ್ದೋರು ಅವ್ರು, ನಂಬಬೇಕಾದೋರೂ ಅವ್ರೇ."

ಎಂಟನೆಯ ದಿನ ಚೂರುಗಳನ್ನು ತೊಳೆದು ಗಾಡಿಯ ತುಂಡಿನ ಜೊತೆ ತಾತನ ಮಂಚದ ಮೇಲಿಟ್ಟು, ನಾನು ಬಾಗಿಲ ಹಿಂದೆ ನಿಂತೆ. ತುಂಬಾ ಹೊತ್ತು ಮುಟ್ಟಲಿಲ್ಲ. ಆಮೇಲೆ ಎಡಗೈಯಲ್ಲಿ ನೀಲಗಿರಿ ಚೂರು ಎತ್ತಿ ಗಾಡಿಗೆ ತುರುಕಿದರು. ಊದಿಕೊಂಡಿತ್ತು, ಹೋಗಲಿಲ್ಲ. ಕಂದು ಚೂರು ಇಟ್ಟರು. ಸರ್ರಂತ ಜಾರಿ ಕೂತಿತು. ತೆಗೆದರು, ಮತ್ತೆ ಇಟ್ಟರು. ನಾನಿರುವುದು ಅವರಿಗೆ ಗೊತ್ತಿತ್ತು.

"ಲೇ... ಇದು ಕುಡಿಯಾಕಿಲ್ಲ ಕಣೇ," ಅಂದರು ತೊದಲುತ್ತ. "ನಿನ್ ತಮ್ಮನಂಗಲ್ಲ."

ಲಕ್ವ ಹೊಡೆದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು. ನನ್ನ ತಮ್ಮನನ್ನು ಬೈದರೂ ನನಗೆ ಅಳುವಷ್ಟು ಸಂತೋಷವಾಯಿತು.

ಕಟ್ಟುವ ದಿನ ಅಕ್ಕ ಬಡಗಿಯ ಜೊತೆ ತಾವೇ ಬಂದರು. ನಿಮ್ಮ ಅಪ್ಪನಿಗೆ ಆ ಮರದ ಮೇಲೆ ಎಷ್ಟು ನಂಬಿಕೆ ಬಂದಿತ್ತೆಂದರೆ, "ಅಡೀಲಿರೋ ತೊಲೇನೂ ಇದ್ರಲ್ಲೇ ಮಾಡ್ಬುಡಣ ಅಕ್ಕ, ಕಂಬಾನೂ ಇದ್ರಲ್ಲೇ ಹೂಳಣ" ಅಂದ. ಹಾಗೆ ಮಾಡಿದ್ದರೆ ಅಂಗಡಿಯಲ್ಲಿ ಮಿಕ್ಕಿದ್ದ ಮರವೆಲ್ಲ ಖಾಲಿಯಾಗುತ್ತಿತ್ತು. ಅಕ್ಕ ಒಪ್ಪಲಿಲ್ಲ.

"ಹುರಿದ ಕಾಳು ಕಟಕ್ ಅಂತ ಒಡೀತದಲ್ವೇನ್ಲಾ? ಹುರಿದ ಮರಾನೂ ಅಂಗೆ, ಭಾರ ಒರಕ್ಕೆ ಆಗಕಿಲ್ಲ. ಇನ್ನೊಂದು ಮಾತು. ಬೂಷ್ಟಿಗೆ ಇದು ಜಗ್ಗಕಿಲ್ಲ, ಗೆದ್ದಲಿಗೆ ಜಗ್ತದೆ. ಮಣ್ಣು ಮುಟ್ಟಿಸ್ಬ್ಯಾಡಿ."

ಹಳೆಯ ಕೊಟ್ಟಿಗೆಯ ಕಲ್ಲುಕಂಬಗಳನ್ನು ಕತ್ತರಿಸಿ ನಿಲ್ಲಿಸಿದರು. ಅವುಗಳ ಮೇಲೆ ಹೊನ್ನೆ ತೊಲೆ, ತೊಲೆಯ ಮೇಲೆ ಕಂದು ಹಲಗೆ. ಮೊದಲು ತೂತು ಕೊರೆದು, ಆಮೇಲೆ ತುಕ್ಕು ಹಿಡಿಯದ ಸ್ಕ್ರೂ. ಹಲಗೆ ಹಲಗೆಗೂ ನಡುವೆ ಎಷ್ಟು ಜಾಗ ಬಿಡಬೇಕು ಅಂತ ಬಡಗಿ ಕೇಳಿದಾಗ ಅಕ್ಕ ನನ್ನ ಅಡುಗೆಮನೆಯಿಂದ ಒಂದು ಹಿಡಿ ಹುಣಸೆಬೀಜ ತರಿಸಿದರು. ಎರಡು ಹಲಗೆಗಳ ನಡುವೆ ಬೀಜ ಇಟ್ಟು ಒತ್ತಿ, ಸ್ಕ್ರೂ ಬಿಗಿದ ಮೇಲೆ ಬೀಜ ತೆಗೆಯುವುದು. ಸಂಜೆ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ:

"ತಂಗೀ, ಈ ಸಂದಿ ಯಾವತ್ತೂ ಮುಚ್ಚಬ್ಯಾಡ. ನೀರು ಇಳಿದು ಓಗೋ ದಾರಿ ಇದು, ಗಾಳಿ ಆಡೋ ದಾರಿ. ಬಿಸಿಲಿಗೆ ಮರ ಬೂದಿ ಬಣ್ಣ ಆಯ್ತದೆ, ಅದಕ್ಕೆ ಎದರಬ್ಯಾಡ. ತಲೆ ನೆರೆತ ಮಾತ್ರಕ್ಕೆ ಮನುಸ ಸತ್ತೋಯ್ತಾನಾ? ವರ್ಸಕ್ಕೊಂದ್ಸಲ ಎಣ್ಣೆ ಒರೆಸು. ಸಂದಿ ಮಾತ್ರ ಮುಚ್ಚಬ್ಯಾಡ."

ಮಾರನೆಯ ದಿನ ತಾತ ಬಾಗಿಲ ಹೊಸ್ತಿಲಲ್ಲಿ ನಿಂತು, ಎಡಗಾಲಿನಿಂದ ಹಲಗೆಯನ್ನು ಮೂರು ಸಲ ಗುದ್ದಿದರು. ಆಮೇಲೆ ಕಾಲಿಟ್ಟರು. ಎಮ್ಮೆಗಳು ನಾಲೆಯಿಂದ ಎದ್ದು ಮನೆಗೆ ಹೋಗುವವರೆಗೂ ಅಲ್ಲೇ ಕೂತಿದ್ದರು. ಹಾಗೆ ಇನ್ನೂ ಎರಡು ಮಳೆಗಾಲ ಕೂತರು. ನಮ್ಮ ಮದುವೆಯ ಇಷ್ಟು ವರ್ಷಗಳಲ್ಲಿ ನಾವು ಮಾತಾಡಿದ್ದರಲ್ಲಿ ಅರ್ಧ ಆ ಹಲಗೆಗಳ ಮೇಲೇ ಆಡಿದ್ದು.

ಅವರು ಹೋದ ಮೇಲೆ, ತಿಥಿಯ ದಿನ ಮನೆಯೆಲ್ಲ ಸಗಣಿ ಹಾಕಿ ಸಾರಿಸಿದೆವು. ಹಲಗೆ ಜಗಲಿಯನ್ನೂ ಸಾರಿಸಿದೆ. ಅವರು ಕೂರುತ್ತಿದ್ದ ಜಾಗ, ಸಾರಿಸದೆ ಹೇಗೆ ಬಿಡಲಿ? ಅಂದಿನಿಂದ ದಿನವೂ ಬೆಳಿಗ್ಗೆ ಸಗಣಿ ನೀರು, ಅಮಾವಾಸ್ಯೆಗೆ ಕೆಮ್ಮಣ್ಣು ಬೆರೆಸಿ ದಪ್ಪಗೆ. ಹುಟ್ಟಿದಾಗಿನಿಂದ ನೆಲ ಅಂದರೆ ಸಾರಿಸುವುದು ಅಂತಲೇ ತಿಳಿದವಳು ನಾನು. ಸಂದಿಗಳು ತುಂಬಿ ಜಗಲಿ ಒಂದೇ ಸಮ ನುಣ್ಣಗಾಯಿತು. ಕೈಯಾಡಿಸಿದರೆ ಅವರ ಜಾಗ ಚೆನ್ನಾಗಿಟ್ಟಿದ್ದೇನೆ ಅಂತ ಸಮಾಧಾನ. ಅಕ್ಕನ ಮಾತು ಆಗ ನೆನಪಿಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಕೈ ನಿಲ್ಲಲಿಲ್ಲ.

ಮುಂದಿನ ಮಳೆಗಾಲಕ್ಕೆ ಮೂಲೆಯ ಹಲಗೆ ಬಡಿದರೆ ಪೊಳ್ಳು ಸದ್ದು. ಸಂದಿಯಿಂದ ಕೆಳಗಿಳಿದ ಸಗಣಿ ಮಣ್ಣು ಕಲ್ಲುಕಂಬದ ಪಕ್ಕ ನೆಲದವರೆಗೆ ಗಟ್ಟಿ ಕಟ್ಟಿ, ಅದರೊಳಗೆ ಗೆದ್ದಲು ಹತ್ತಿ ಬಂದಿತ್ತು. ಹೊನ್ನೆ ತೊಲೆಯೂ ಒಂದು ಕಡೆ ನೆಂದು ಮೆತ್ತಗಾಗಿತ್ತು. ನಿಮ್ಮ ಅಪ್ಪ ಕೆಳಗೆ ಬಗ್ಗಿಯೂ ನೋಡದೆ ಫೋನಿನಲ್ಲಿ ಕೂಗಾಡಿದ. "ಬಾಳಿಕೆ ಬರ್ತದೆ ಅಂತ ನಂಬಿಸ್ಬುಟ್ರಲ್ಲಕ್ಕ, ನಮ್ಮಪ್ಪನ ಎಸರಲ್ಲಿ ಮೋಸ ಮಾಡ್ಬುಟ್ರಿ." ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ.

ಮಾರನೆಯ ದಿನವೇ ಅಕ್ಕ ಬಂದರು. ಮಂಡಿನೋವು, ಲಗೇಜು ಆಟೋದಿಂದ ಇಳಿಯಲು ಇಬ್ಬರು ಹಿಡಿಯಬೇಕಾಯಿತು. ಆದರೂ ನೆಲದ ಮೇಲೆ ಕೂತು, ಬಗ್ಗಿ ಅಡಿಯಲ್ಲಿ ನೋಡಿದರು. ಆಮೇಲೆ ಆ ಸೀಳಿದ ಉಗುರನ್ನು ಹಲಗೆಗಳ ನಡುವೆ ಇಳಿಸಿ ಒಣಗಿದ ಸಗಣಿಯ ಒಂದು ಚಕ್ಕೆ ಎಬ್ಬಿಸಿ ಮೂಸಿದರು. ತಲೆ ಎತ್ತಿ ನನ್ನನ್ನು ನೋಡಿದರು. ನನಗೆ ಭೂಮಿ ಬಿರಿಯಬಾರದೇ ಅನ್ನಿಸಿತು.

ಚಕ್ಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಿಮ್ಮ ಅಪ್ಪನ ಕಡೆ ತಿರುಗಿದರು.

"ತಪ್ಪು ನಂದೇ ಕಣಪ್ಪ. ಸಂದಿ ಮುಚ್ಚಕೂಡ್ದು ಅಂತ ನಿಮ್ಮವ್ವಂಗೆ ಏಳೋದೇ ಮರ್ತೋಗಿತ್ತು. ಧೂಳು ತುಂಬ್ಕೊಂಡದೆ. ಎರಡು ಹಲಗೆ, ಒಂದು ತೊಲೆ ನಾನೇ ಹಾಕ್ಕೊಡ್ತೀನಿ."

ಅವನು ತಣ್ಣಗಾಗಿ ಕೆಲಸಕ್ಕೆ ಹೋದ. ನಾವಿಬ್ಬರೇ ಉಳಿದೆವು. "ಯಾಕವ್ವ?" ಅಂದರು. ಅಷ್ಟೇ. "ಅವರು ಕೂರುತ್ತಿದ್ದ ಜಾಗ..." ಅಂದೆ. ಅಕ್ಕ ಒಂದು ತೆಂಗಿನ ಕಡ್ಡಿ ನನಗೆ ಕೊಟ್ಟು, ತಾವೊಂದು ಹಿಡಿದು, ಸಂದಿ ಬಿಡಿಸತೊಡಗಿದರು. ಆ ಕಡೆಯಿಂದ ಅವರು, ಈ ಕಡೆಯಿಂದ ನಾನು. ಮಧ್ಯಾಹ್ನದ ಊಟವೂ ಅಲ್ಲೇ. ಕೊನೆಯಲ್ಲಿ ಜೇಬಿನಿಂದ ಒಂದು ಹುಣಸೆಬೀಜ ತೆಗೆದು ಪ್ರತಿ ಸಂದಿಯಲ್ಲೂ ಓಡಿಸಿ ನೋಡಿದರು.

ಹದಿನೈದು ದಿನಕ್ಕೆ ಹೊಸ ಹಲಗೆ ಬಂದಾಗ ಅದರ ಜೊತೆ ಒಂದು ಕಲ್ಲು ಚಪ್ಪಡಿಯೂ ಬಂತು, ಅಕ್ಕನ ಸ್ವಂತ ಹಿತ್ತಲಿನದು. ಜಗಲಿಯಿಂದ ಇಳಿಯುವ ಕಡೆ ಹಾಕಲು ಹೇಳಿ ಕಳಿಸಿದ್ದರು. ತಂದವರ ಬಾಯಲ್ಲಿ ಒಂದು ಮಾತು: "ನಿನ್ ಕೈ ಸುಮ್ನಿರಕಿಲ್ಲ ಅಂತ ಗೊತ್ತು. ಸಾರಿಸೋದಾದ್ರೆ ಇದನ್ನ ಸಾರಿಸು."

ನಾನು ದಿನವೂ ಬೆಳಿಗ್ಗೆ ಸಾರಿಸುವುದು ಆ ಕಲ್ಲನ್ನೇ.

ಕಳೆದ ಕಾರ್ತಿಕದಲ್ಲಿ ಅಕ್ಕ ತೀರಿಕೊಂಡರು. ಸುದ್ದಿ ಕೇಳಿ ಒಬ್ಬಳೇ ಬಸ್ಸು ಹತ್ತಿ ಅರಕಲಗೂಡಿಗೆ ಹೋದೆ. ಕಂಡಕ್ಟರು ಕೇಳಿದಾಗ ಊರ ಹೆಸರು ಬಾಯಿಬಿಟ್ಟು ಹೇಳಿದೆ. ಅಂಗಳದಲ್ಲಿ ಮಲಗಿಸಿದ್ದರು. ಕೈ ಮಡಿಚಿದ್ದರಿಂದ ಆ ಉಗುರು ಕಾಣುತ್ತಿತ್ತು. ನಾನು ಅವರಿಗೆ ಒಮ್ಮೆಯೂ ಕೈಮುಗಿದಿರಲಿಲ್ಲ, ಅವತ್ತು ಮುಗಿದೆ.

ಯಾರಾದರೂ ನಮ್ಮ ಡೆಕ್ ನೋಡಿ ಹೊಗಳಿದರೆ ನಿಮ್ಮ ಅಪ್ಪ ಈಗಲೂ ಅನ್ನುತ್ತಾನೆ: "ಮರ ಒಳ್ಳೇದೇ. ಆ ಅಕ್ಕ ಒಂದು ಮಾತು ಏಳೋದು ಮರ್ತಿದ್ರು, ಅದಕ್ಕೇ ಒಂದ್ಸಲ ಕೆಟ್ಟಿತ್ತು." ಕೇಳಿಸಿಕೊಂಡಾಗಲೆಲ್ಲ ನಾನು ಒಳಗೆ ಎದ್ದು ಹೋಗುತ್ತೇನೆ. ಅಕ್ಕ ಮರೆತಿರಲಿಲ್ಲ. ಎರಡು ಸಲ ಹೇಳಿದ್ದರು. ಮರ ಸುಳ್ಳು ಹೇಳುವುದಿಲ್ಲ, ಮಾರುವವರು ಹೇಳುತ್ತಾರೆ ಅನ್ನುತ್ತಿದ್ದರಲ್ಲ, ನನಗೆ ತಿಳಿದ ಮಟ್ಟಿಗೆ ಅವರು ಹೇಳಿದ ಸುಳ್ಳು ಅದೊಂದೇ. ಮಗನ ಮುಂದೆ ನನ್ನ ತಲೆ ತಗ್ಗಬಾರದು ಅಂತ ಹೇಳಿದ್ದು.

ಸಂಜೆ ನಿಮ್ಮ ಅಪ್ಪ ಕೆಲಸದಿಂದ ಬಂದು ಹಲಗೆಯ ಮೇಲೆ ಕೂತಾಗ ಇದನ್ನು ಅವನಿಗೆ ಓದಿ ಹೇಳಿ. ಗಟ್ಟಿಯಾಗಿ ಓದಿ. ನಾನು ಬಾಗಿಲ ಹಿಂದೆಯೇ ಇರುತ್ತೇನೆ.