ಸಲಹೆ ಕೊಡದ ಸಲಹೆಗಾರ್ತಿ
ಹತ್ತು ವರ್ಷ ವಿಶೇಷ ಮಕ್ಕಳಿಗೆ ಕಲಿಸಿದ ಮಂಗಲಬಾಯಿ ಈಗ ಟೀಚರುಗಳಿಗೇ ಕಲಿಸಲು ತರಬೇತಿ ಪಡೆಯುತ್ತಿದ್ದಾಳೆ. ಅಂದರೆ, ಬೆಳುಂಕಿಯ ಬಾಲವಾಡಿಯಲ್ಲಿ ಕಸ ಗುಡಿಸುವ ದುಂಡವ್ವನ ಲೆಕ್ಕದಲ್ಲಿ, ಕೆಲಸ ಬಿಟ್ಟು ಕೂಡಲು ತರಬೇತಿ ಪಡೆಯುತ್ತಿದ್ದಾಳೆ. ಬುಧವಾರಕ್ಕೊಮ್ಮೆ ಬಂದು ಮಕ್ಕಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂಡುತ್ತಾಳೆ, ಕೂಸು ಸೀನಿದರೂ ವಹಿಯಲ್ಲಿ ಬರೆಯುತ್ತಾಳೆ. ತಾನು ಮಕ್ಕಳಿಗೆ ಕೈ ಹಚ್ಚಬಾರದಂತೆ, ಟೀಚರೇ ದಾರಿ ಕಂಡುಕೊಳ್ಳಬೇಕಂತೆ. ಹಾಗಾಗಿ ಟೀಚರ್ ಸುಮನ ಏನೇ ಕೇಳಲಿ, ಉತ್ತರ ಒಂದೇ: “ನಿಮಗೇನ ಅನಸ್ತದ್ರಿ?” ಕೂಸು ಕಚ್ಚಿದರೂ ಅದೇ, ಗೋಡೆಗೆ ತಲೆ ಬಡಿದುಕೊಂಡರೂ ಅದೇ. “ಗೊತ್ತಿದ್ರ ನಿಮಗ್ಯಾಕ ಕೇಳ್ತಿದ್ವಿ,” ಎಂದು ದುಂಡವ್ವ ಕೈಯೊಳಗಿನ ಕಸಬರಿಗೆಗೆ ಹೇಳುತ್ತಾಳೆ. ಬೆರಳು ಸರಿಯಾಗಿ ಬಾಗದ ನಾಲ್ಕು ವರ್ಷದ ಕರಿಷ್ಮಾ ಊಟದ ಡಬ್ಬಿಯ ಮುಚ್ಚಳದೊಡನೆ ಗುದ್ದಾಡುವಾಗಲಂತೂ ಮಹಾರಾಣಿ ಪೆನ್ನನ್ನೂ ಕೆಳಗಿಟ್ಟು, ಎರಡೂ ಕೈ ತೊಡೆಯಡಿ ಸೇರಿಸಿಕೊಂಡು ಬೆಚ್ಚಗೆ ಕೂಡುತ್ತಾಳೆ. ಈ ಬುಧವಾರ ಸುಮನ ತಡಕಾಡಿ ತಡಕಾಡಿ, ಕಡೆಗೆ ಕೂಸಿನ ಹೆಬ್ಬೆರಳನ್ನು ಮುಚ್ಚಳದ ಅಂಚಿಗೆ ಹಚ್ಚಿ ಒತ್ತಿಸಿದಾಗ ಅದು ಟಪ್ಪೆಂದು ತೆರೆಯಿತು. ಆಗಷ್ಟೇ ಮಂಗಲಬಾಯಿ ಕೈ ಹೊರತೆಗೆದಳು. ಏನಾದರೂ ಕುಟುಕಲೆಂದೇ ಚಹಾ ತಂದಿದ್ದ ದುಂಡವ್ವ ನೋಡಿದಳು: ಆಕೆಯ ಅಂಗೈ ತುಂಬ ಕುರ್ಚಿಯ ಜಾಳಿಗೆ ಒತ್ತಿ ಮೂಡಿದ ಕೆಂಪು ಬರೆ, ಹೆಬ್ಬೆರಳು ಮಾತ್ರ ಇನ್ನೂ ಗಾಳಿಯಲ್ಲಿ ಮುಚ್ಚಳ ಒತ್ತುತ್ತಲೇ ಇತ್ತು.